ಮೂಗಿಗಿಂತ ಮೂಗುತಿ ಭಾರವಾಗದಂತೆ

ಸೈಕಲ್ಲು ಹೊರುವುದಕ್ಕೆಂದೇ ಹುಟ್ಟಿದ ಬಂಡಿ. ಹಾಲಿನ ಕ್ಯಾನು, ಗಿರಣಿಗೆ ಹೊರಟ ರಾಗಿಯ ಚೀಲ, ಅಂಚೆಯವನ ಕಾಗದದ ಕಟ್ಟು, ಶಾಲೆಗೆ ತಡವಾದ ತಂಗಿ, ಇವೆಲ್ಲವನ್ನೂ ಅದು ಗೊಣಗದೆ ಹೊತ್ತಿದೆ. ಎಲ್ಲರ ಹೊರೆಯನ್ನೂ ಹೊತ್ತ ಅದನ್ನೇ ಒಮ್ಮೆ ನಾವು ಹೊರಬೇಕಾಗಿ ಬಂದರೆ? ಆಗ ತಿಳಿಯುತ್ತದೆ, ಅದು ಎಷ್ಟು ಅಂಕುಡೊಂಕಾದ ವಸ್ತುವೆಂದು. ತೂಕ ಇಪ್ಪತ್ತು ಕಿಲೋ ಆಸುಪಾಸು. ಆದರೆ ಹ್ಯಾಂಡಲು ಒಂದು ಕಡೆ ಚಾಚುತ್ತದೆ, ಪೆಡಲು ಇನ್ನೊಂದು ಕಡೆ ತಿವಿಯುತ್ತದೆ, ಚೈನಿನ ಎಣ್ಣೆ ಮುಟ್ಟಿದ್ದನ್ನೆಲ್ಲ ಕಪ್ಪಾಗಿಸುತ್ತದೆ. ಇದನ್ನು ಕಾರಿನಲ್ಲಿ ಹೆಚ್ಚು ಖರ್ಚಿಲ್ಲದೆ ಸಾಗಿಸುವ ಬಗೆ ಯಾವುದು ಎಂಬುದೇ ಈ ಹೊತ್ತಿನ ವಿಚಾರ.

ವಿಚಾರ ಸಣ್ಣದೆನಿಸಬಹುದು. ಆದರೆ ಅಜ್ಜಂಪುರ ಸೀಮೆಯ ಬುಕ್ಕಾಂಬುಧಿಯಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಕೋವಿಡ್ ಪಿಡುಗಿನೊಂದಿಗೆ ಆ ವಿತರಣೆ ನಿಂತಿತು. ಅದಕ್ಕೆ ಮೊದಲಿನ ಕೊನೆಯ ತಂಡದಲ್ಲಿ ಸೈಕಲ್ಲು ಪಡೆದ ಹುಡುಗಿ ಈಗ ಶಿವಮೊಗ್ಗದ ಕಾಲೇಜಿಗೆ ಸೇರಿದ್ದಾಳೆ. ಹಾಸ್ಟೆಲಿನಿಂದ ಕಾಲೇಜಿಗೆ ದೂರವಿದೆ. ದಿನವೂ ಆಟೋಗೆ ಕೊಡುವಷ್ಟು ಕಾಸಿಲ್ಲ. ಸೈಕಲ್ಲೋ ಊರಿನ ಜಗಲಿಗೆ ಒರಗಿ ನಿಂತಿದೆ. ಹಬ್ಬಕ್ಕೆ ಬಂದ ಸೋದರಮಾವ ಹೊರಡುವಾಗ, "ನನ್ನ ಕಾರಿನಲ್ಲೇ ಒಯ್ದು ಬಿಟ್ಟುಹೋಗುತ್ತೇನೆ ಕಣಮ್ಮ" ಎನ್ನುತ್ತಾನೆ. ಕಾರಿಗೆ ಕಟ್ಟುವ ಕ್ಯಾರಿಯರಿನ ಬೆಲೆ ವಿಚಾರಿಸಿದರೆ ಹಲವು ಸಾವಿರ ರೂಪಾಯಿ. ಹಳೆಯ ಸೈಕಲ್ಲನ್ನು ಮಾರಿದರೆ ಅಷ್ಟು ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥ ಗಳಿಗೆಗಾಗಿಯೇ ಹುಟ್ಟಿದ್ದಿರಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕಾರೇ ಬೇಕೆ ಎಂಬುದು. ಹಿಂದೆ ಬಸ್ಸಿನ ಟಾಪು ಸೈಕಲ್ಲುಗಳ ಸಿಂಹಾಸನವಾಗಿತ್ತು. ಹಿಂಬದಿಯ ಏಣಿ ಹತ್ತಿ, ಲಗೇಜು ಚೀಟಿ ಹರಿಸಿ, ಹಗ್ಗ ಬಿಗಿದರೆ ಕೆಲಸ ಮುಗಿಯುತ್ತಿತ್ತು. ಈಗ ಟಾಪಿನ ಮೇಲೆ ಕ್ಯಾರಿಯರೇ ಇಲ್ಲದ ಬಸ್ಸುಗಳು ಹೆಚ್ಚು. ರೈಲಿನಲ್ಲಿ ಸೈಕಲ್ಲನ್ನು ಬ್ರೇಕ್ ವ್ಯಾನಿಗೆ ಹಾಕಿಸುವ ಕ್ರಮವುಂಟು. ಆದರೆ ಅಜ್ಜಂಪುರದ ನಿಲ್ದಾಣ ಬೀರೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹಾದಿಯಲ್ಲಿದೆ. ತರೀಕೆರೆಯದು ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಹಾದಿಯಲ್ಲಿ. ಅಜ್ಜಂಪುರದಲ್ಲಿ ಹತ್ತಿಸಿದ ಸೈಕಲ್ಲು ಬೀರೂರಿನಲ್ಲಿ ಗಾಡಿ ಬದಲಿಸಿಯೇ ಶಿವಮೊಗ್ಗ ಸೇರಬೇಕು. ಒಂಟಿ ಸೈಕಲ್ಲಿಗೆ ಅಷ್ಟು ಪ್ರಯಾಸ ಬೇಡವೆನ್ನುವವರಿಗೆ ಮಾವನ ಕಾರೇ ಗತಿ.

ಕಾರಿನಲ್ಲಿ ಸೈಕಲ್ಲಿಗೆ ಮೂರು ಸ್ಥಾನಗಳಿವೆ: ನೆತ್ತಿ, ಬೆನ್ನು, ಒಡಲು.

ನೆತ್ತಿಯ ಮೇಲೆ ಕಂಬಿಗಳನ್ನು ಅಳವಡಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುವುದು ನೋಡಲು ಚೆಂದ. ಹಿಂದಿನ ದಾರಿಯೂ ಕಾಣುತ್ತದೆ, ಡಿಕ್ಕಿಯ ಬಾಗಿಲೂ ತೆರೆಯುತ್ತದೆ. ಆದರೆ ಕಂಬಿಗೆ ಬೇರೆ ಹಣ, ಅದರ ಮೇಲಿನ ತೊಟ್ಟಿಗೆ ಬೇರೆ ಹಣ. ಇಪ್ಪತ್ತು ಕಿಲೋ ಭಾರವನ್ನು ತಲೆಯ ಮಟ್ಟಕ್ಕಿಂತ ಮೇಲೆತ್ತುವ ತೋಳಬಲ ಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಆ ಲೆಕ್ಕವನ್ನು ಪೆಟ್ರೋಲು ತೆರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಾರು ತನ್ನ ಎತ್ತರಕ್ಕಿಂತ ಸುಮಾರು ಒಂದು ಮೀಟರು ಬೆಳೆದಿದೆ ಎಂಬುದನ್ನು ಓಡಿಸುವವನು ಮರೆಯುತ್ತಾನೆ. ರೈಲ್ವೆ ಗೇಟುಗಳನ್ನು ತೆಗೆದು ಕೆಳಸೇತುವೆ ಕಟ್ಟಿದ ಎಡೆಗಳಲ್ಲಿ ಎತ್ತರ ತಡೆಯುವ ಅಡ್ಡಕಂಬಿಗಳಿರುತ್ತವೆ. ತೋಟದ ಹಾದಿಯಲ್ಲಿ ಬಾಗಿದ ಕೊಂಬೆಗಳಿರುತ್ತವೆ. ಒಂದೇ ಮರೆವಿಗೆ ಸೈಕಲ್ಲೂ ಹೋದೀತು, ಕಾರಿನ ನೆತ್ತಿಯೂ ಜಜ್ಜೀತು.

ಬೆನ್ನಿನದು ಮಧ್ಯಮ ಮಾರ್ಗ. ಡಿಕ್ಕಿಯ ಬಾಗಿಲಿಗೆ ಕೊಕ್ಕೆಪಟ್ಟಿಗಳಿಂದ ಬಿಗಿಯುವ ಕ್ಯಾರಿಯರು ನೆತ್ತಿಯದಕ್ಕಿಂತ ಸಾಮಾನ್ಯವಾಗಿ ಅಗ್ಗ, ಬಿಚ್ಚಿ ಮೂಲೆಯಲ್ಲಿಡಲು ಸುಲಭ. ಬೆಂಗಳೂರಿನಿಂದ ಬಾಬಾಬುಡನ್ ಗಿರಿಯ ಏರುಹಾದಿಗಳಿಗೆಂದು ವಾರಾಂತ್ಯದಲ್ಲಿ ಸೈಕಲ್ಲು ತರುವ ಹವ್ಯಾಸಿಗಳಿಗೆ ಇದು ಒಪ್ಪುತ್ತದೆ. ಹಾಕಿದ ಹಣ ಬಳಕೆಯಲ್ಲಿ ತೀರುತ್ತದೆ. ಕೊಳ್ಳುವವರು ನಾಲ್ಕು ಸಂಗತಿ ನೋಡಬೇಕು. ಕೊಕ್ಕೆಗಳು ಲೋಹದ ಅಂಚನ್ನು ಹಿಡಿಯಬೇಕು, ಗಾಜನ್ನೂ ಪ್ಲಾಸ್ಟಿಕ್ಕಿನ ರೆಕ್ಕೆಯನ್ನೂ ಅಲ್ಲ. ಟೈರು ಹೊಗೆಕೊಳವೆಯ ಎದುರಿಗೆ ಬರಬಾರದು. ಬಿಸಿಗೆ ರಬ್ಬರು ಕೆಡುತ್ತದೆ. ನಂಬರು ಫಲಕವೂ ಕೆಂಪು ದೀಪಗಳೂ ಮರೆಯಾಗಬಾರದು. ನಾಲ್ಕನೆಯದು ಅಗಲದ ವಿಚಾರ. ದೊಡ್ಡವರ ಸೈಕಲ್ಲಿನ ಉದ್ದ ಸುಮಾರು 1.8 ಮೀಟರು; ನಮ್ಮ ಸಣ್ಣ ಕಾರುಗಳ ಅಗಲ ಅದಕ್ಕಿಂತ ಕಡಿಮೆ. ಅಡ್ಡಲಾಗಿ ಕಟ್ಟಿದರೆ ಚಕ್ರ ಪಕ್ಕಕ್ಕೆ ಚಾಚಿ, ಸರಿದುಹೋಗುವ ಬೈಕಿನವನ ಮಂಡಿಗೆ ತಗಲಬಹುದು. ಮಿತಿಮೀರಿ ಚಾಚಿದ ಹೊರೆಗೆ 2019ರ ತಿದ್ದುಪಡಿ 20,000 ರೂಪಾಯಿ ದಂಡವನ್ನು ವಿಧಿಸಿದೆ. ದಂಡಕ್ಕಿಂತ ಆ ಬೈಕಿನವನ ಮಂಡಿ ದೊಡ್ಡದು. ಮುಂದಿನ ಚಕ್ರವನ್ನು ಕಳಚಿ ಒಳಗಿಟ್ಟರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ನಮ್ಮ ಹುಡುಗಿಯ ಸೈಕಲ್ಲಿಗೆ ಇನ್ನೂ ಒಂದು ಅಡಚಣೆಯಿದೆ. ಇಂಥ ಕ್ಯಾರಿಯರಿನ ಎರಡು ತೋಳುಗಳು ಸೈಕಲ್ಲನ್ನು ಹಿಡಿಯುವುದು ಸೀಟಿಗೂ ಹ್ಯಾಂಡಲಿಗೂ ನಡುವಿನ ಮೇಲ್ಪೈಪಿನಿಂದ. ಲಂಗ, ಚೂಡಿದಾರ ತೊಟ್ಟವರು ಹತ್ತಲೆಂದು ಮಾಡಿದ ಸೈಕಲ್ಲಿನಲ್ಲಿ ಆ ಪೈಪು ಕೆಳಗೆ ಬಾಗಿರುತ್ತದೆ. ನೇತುಹಾಕಿದರೆ ಸೈಕಲ್ಲು ಓರೆಯಾಗಿ ಜೋಲುತ್ತದೆ. ಅದಕ್ಕೆ ಸುಳ್ಳು ಮೇಲ್ಪೈಪೊಂದನ್ನು ಮತ್ತೆ ಕೊಳ್ಳಬೇಕು. ಅಗ್ಗವೆಂದು ಕೊಂಡದ್ದು ಹೀಗೆ ಬಾಲ ಬೆಳೆಸಿಕೊಳ್ಳುತ್ತದೆ.

ಉಳಿದದ್ದು ಒಡಲು. ವರುಷಕ್ಕೆ ಒಂದೆರಡು ಸಲ, ಒಂದೇ ಸೈಕಲ್ಲು ಎನ್ನುವವರಿಗೆ ಇದಕ್ಕೆ ಮೀರಿದ ಮಾರ್ಗವಿಲ್ಲ. ಬೇಕಾದದ್ದು ಒಂದು ಸ್ಪ್ಯಾನರು, ಎರಡು ಗೋಣಿಚೀಲ, ಒಂದು ಹಳೆಯ ಸೀರೆ, ಒಂದಿಷ್ಟು ಹಗ್ಗ. ಮುಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ಕಳಚಬೇಕು; ಕಡ್ಡಿಬ್ರೇಕಿನ ಸೈಕಲ್ಲಾದರೆ ಬ್ರೇಕಿನ ಕಟ್ಟೆಗಳನ್ನು ಮೊದಲು ಬಿಡಿಸಬೇಕು. ಹಿಂದಿನ ಚಕ್ರದ ಗೊಡವೆ ಬೇಡ. ಚೈನು, ಚೈನಿನ ಕವಚಗಳನ್ನು ಬಿಚ್ಚಿದವರಿಗೆ ಮತ್ತೆ ಜೋಡಿಸುವುದು ಸುಲಭವಲ್ಲ. ಹ್ಯಾಂಡಲಿನ ಬೋಲ್ಟು ಸಡಿಲಿಸಿ ಅದನ್ನು ಚೌಕಟ್ಟಿನ ಸಮಕ್ಕೆ ತಿರುಗಿಸಿ, ಸೀಟನ್ನು ಇಳಿಸಬೇಕು. ಕಾರಿನ ಹಿಂದಿನ ಸೀಟನ್ನು ಮಡಚಿ, ಗೋಣಿ ಹಾಸಿ, ಚೈನಿಗೆ ಸೀರೆ ಸುತ್ತಿ, ಚೈನು ಮೇಲಾಗುವಂತೆ ಸೈಕಲ್ಲನ್ನು ಮಲಗಿಸಬೇಕು. ಬ್ರೇಕು ಒತ್ತಿದಾಗ ಮುನ್ನುಗ್ಗದಂತೆ ಕಟ್ಟುವುದು ಅಗತ್ಯ. ಒಳಗಿರುವ ಕಬ್ಬಿಣ ಕತ್ತಿನ ಹಿಂದಿರುವ ಕಬ್ಬಿಣವೆಂಬುದು ನೆನಪಿರಲಿ. ಕಳಚಿದ ನಟ್ಟುಗಳನ್ನು ಜೇಬಿಗೆ ಹಾಕದೆ ಆಯಾ ಅಚ್ಚಿಗೇ ತಿರುಗಿಸಿಡಬೇಕು. ಕೈ ಪಳಗದವರು ಅಜ್ಜಂಪುರದಲ್ಲಿ ಸೈಕಲ್ ಶಾಪಿನವನಿಗೆ ಕೂಲಿ ಕೊಟ್ಟು ಬಿಚ್ಚಿಸಿ, ಶಿವಮೊಗ್ಗದಲ್ಲಿ ಇನ್ನೊಬ್ಬನಿಂದ ಜೋಡಿಸಿಕೊಂಡು ಬ್ರೇಕು ಪರೀಕ್ಷಿಸಿಕೊಳ್ಳಲಿ. ಎರಡೂ ಕೂಲಿ ಸೇರಿದರೂ ಕ್ಯಾರಿಯರಿನ ಬೆಲೆಯ ಹತ್ತಿರಕ್ಕೂ ಬಾರದು.

ಈ ಮಾರ್ಗಕ್ಕೂ ಒಂದು ಬೆಲೆಯುಂಟು. ಹಿಂದಿನ ಸೀಟು ಸೈಕಲ್ಲಿನ ಪಾಲಾದಾಗ ಕಾರಿನಲ್ಲಿ ಇಬ್ಬರಿಗಷ್ಟೇ ಜಾಗ. ಅತ್ತೆಯೂ ಮಕ್ಕಳೂ ಬಸ್ಸಿನಲ್ಲಿ ಬರಬೇಕು, ಇಲ್ಲವೆ ಮಾವ ಇನ್ನೊಮ್ಮೆ ಬರಬೇಕು. ಅಗ್ಗ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ. ಖರ್ಚು ಎಂದೂ ಮಾಯವಾಗುವುದಿಲ್ಲ. ಹಣದ ರೂಪ ಬಿಟ್ಟು ಶ್ರಮವಾಗಿಯೋ ಇಕ್ಕಟ್ಟಾಗಿಯೋ ಬರುತ್ತದೆ. ಅದನ್ನು ಹೊರುವವರು ಯಾರು, ಒಪ್ಪಿ ಹೊರುತ್ತಾರೆಯೆ ಎಂಬುದನ್ನು ಮೊದಲೇ ಕೂತು ಮಾತಾಡಿಕೊಂಡರೆ ಬಾಂಧವ್ಯಕ್ಕೆ ಗೀರು ಬೀಳದು. ಕಾರಿನ ಬಣ್ಣಕ್ಕೆ ಬಿದ್ದ ಗೀರನ್ನಾದರೂ ಅಳಿಸಬಹುದು.

"ಹಳೆಯದನ್ನು ಮಾರಿ ಅಲ್ಲೇ ಒಂದನ್ನು ಕೊಂಡರಾಗದೆ?" ಎಂದು ಕೇಳುವವರಿದ್ದಾರೆ. ಅಷ್ಟು ಹಣವಿದ್ದ ಮನೆಗೆ ಇದು ಸಮಸ್ಯೆಯೇ ಅಲ್ಲ. ಇಲ್ಲದ ಮನೆಗೆ ಆ ಸೈಕಲ್ಲು ಗುಜರಿಯ ತೂಕದ ಕಬ್ಬಿಣವಲ್ಲ; ಬೆಳಿಗ್ಗೆ ಯಾರ ದಾರಿಯನ್ನೂ ಕಾಯದೆ, ಯಾರಿಗೂ ಕೈಚಾಚದೆ ತರಗತಿಯ ಬಾಗಿಲು ಮುಟ್ಟುವ ಸ್ವಾತಂತ್ರ್ಯ. ಆದ್ದರಿಂದ ವಾರವಾರ ಒಯ್ಯುವವರು ಬೆನ್ನಿನ ಕ್ಯಾರಿಯರನ್ನು ಕೊಳ್ಳಲಿ, ಒಮ್ಮೆ ಒಯ್ಯುವವರು ಸ್ಪ್ಯಾನರನ್ನು ಹಿಡಿಯಲಿ. ಶಿವಮೊಗ್ಗದಲ್ಲಿ ಚಕ್ರ ಜೋಡಿಸಿ, ಗಾಳಿ ಹಾಕಿ, ಹ್ಯಾಂಡಲನ್ನು ನೇರಮಾಡಿದ ಮೇಲೆ ಹೊರುವ ಕೆಲಸ ಮತ್ತೆ ಸೈಕಲ್ಲಿನದೇ.