ಒಂದು ಹಗ್ಗ, ಮೂವರು



ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕೆ ವಾಲೆ ಎಂಬ ಪರ್ವತ ಪ್ರಾಂತ್ಯವಿದೆ. ಅಲ್ಲಿ ಎರಡು ವರ್ಷಗಳಿಗೊಮ್ಮೆ, ಏಪ್ರಿಲ್ ತಿಂಗಳಲ್ಲಿ, ಮೂವರು ಮೂವರ ತಂಡಗಳು ಹಣೆಗೆ ದೀಪ ಕಟ್ಟಿಕೊಂಡು ರಾತ್ರಿ ಝರ್ಮಾಟ್ ಊರಿನಿಂದ ಹೊರಡುತ್ತವೆ. ಹಿಮನದಿಗಳನ್ನು ದಾಟಿ ವೆರ್ಬಿಯೆ ಎಂಬ ಊರನ್ನು ಸೇರಬೇಕು. ಸ್ಪರ್ಧೆಯ ಹೆಸರು ಪತ್ರೂಯ್ ದೆ ಗ್ಲಾಸಿಯೆ, ಎಂದರೆ ಹಿಮನದಿಗಳ ಗಸ್ತು. ದೂರ ಸುಮಾರು 57 ಕಿಲೋಮೀಟರ್. ಏರಬೇಕಾದ ಒಟ್ಟು ಎತ್ತರ 4,000 ಮೀಟರಿಗೂ ಅಧಿಕ.

ಏರುವಾಗ ಸ್ಕೀ ಹಲಗೆಯ ಅಡಿಗೆ ಕೂದಲುಳ್ಳ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಕೂದಲು ಹಿಮ್ಮುಖವಾಗಿ ಬಾಗಿರುವುದರಿಂದ ಹಲಗೆ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರದು. ಬೆಕ್ಕಿನ ಬೆನ್ನನ್ನು ಎರಡೂ ಕಡೆಯಿಂದ ಸವರಿ ನೋಡಿದವರಿಗೆ ಇದರ ಮರ್ಮ ಕೂಡಲೇ ತಿಳಿದೀತು. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನು ಬಳಸುತ್ತಿದ್ದರು. ಈಗ ಮೇಕೆಯ ಉಣ್ಣೆಯದೋ ನೈಲಾನಿನದೋ ಪಟ್ಟಿ. ಶಿಖರದಲ್ಲಿ ಅದನ್ನು ಕಿತ್ತು ಚೀಲಕ್ಕೆ ಸೇರಿಸಿ ಇಳಿಜಾರಿನಲ್ಲಿ ಜಾರಿ ಹೋಗುವುದು. ರೋಸಾಬ್ಲಾಂಷ್‌ನಂತಹ ಕಡಿದಾದ ಏರಿನಲ್ಲಿ ಹಲಗೆಗಳನ್ನೇ ಬೆನ್ನಿಗೇರಿಸಿ, ಹಿಮದಲ್ಲಿ ಮೆಟ್ಟಿಲು ತುಳಿಯುತ್ತ ಹತ್ತಬೇಕು.

ಈ ಸ್ಪರ್ಧೆ ಹುಟ್ಟಿದ್ದು ಯುದ್ಧಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ವಿಟ್ಜರ್ಲೆಂಡಿಗೆ ತನ್ನ ಕಣಿವೆದಾರಿಗಳ ಕಾವಲೇ ದೊಡ್ಡ ಚಿಂತೆ. ಸಾಮಾನ್ಯವಾಗಿ ನಾಲ್ಕು ದಿನ ಹಿಡಿಯುತ್ತಿದ್ದ ಝರ್ಮಾಟ್-ವೆರ್ಬಿಯೆ ಹಾದಿಯನ್ನು ಸೈನಿಕರು ಒಂದೇ ಓಟದಲ್ಲಿ ಮುಗಿಸಬಲ್ಲರೇ ಎಂದು ಪರೀಕ್ಷಿಸಲು ಪರ್ವತ ಪಡೆಯ ಕ್ಯಾಪ್ಟನ್‌ಗಳಾದ ರೊಡೋಲ್ಫ್ ಟಿಸಿಯೆರ್ ಮತ್ತು ರೋಜೆ ಬೋನ್‌ವ್ಯಾಂ 1943ರಲ್ಲಿ ಇದನ್ನು ಏರ್ಪಡಿಸಿದರು. 1944ರಲ್ಲಿ ಎರಡನೆಯದು, 1949ರಲ್ಲಿ ಮೂರನೆಯದು ನಡೆಯಿತು.

ಆ ಮೂರನೆಯ ಸ್ಪರ್ಧೆಯಲ್ಲಿ ಒಂದು ತಂಡ ಮರಳಲಿಲ್ಲ. ಮಾಂ ಮಿನೆ ಹಿಮನದಿಯ ಬಿರುಕೊಂದು ಮೂವರನ್ನೂ ನುಂಗಿತು. ಮೇಲೆ ಹೊಸ ಹಿಮ ತೆಳುವಾಗಿ ಮುಚ್ಚಿದ್ದರೆ ಹತ್ತಾರು ಮೀಟರ್ ಆಳದ ಬಿರುಕೂ ಸಮತಟ್ಟಾದ ನೆಲದಂತೆಯೇ ಕಾಣುತ್ತದೆ. ಸರ್ಕಾರ ಸ್ಪರ್ಧೆಯನ್ನು ನಿಷೇಧಿಸಿತು. ಅದು ಮತ್ತೆ ಆರಂಭವಾದುದು 1984ರಲ್ಲಿ, ಎಂದರೆ 35 ವರ್ಷಗಳ ತರುವಾಯ. ಮೂವರ ಸಾವಿಗಾಗಿ ಮೂರೂವರೆ ದಶಕ ಕಾದ ಸ್ಪರ್ಧೆಗಳು ಲೋಕದಲ್ಲಿ ಬಹಳವಿರಲಾರವು.

ಇಂದು ಸೈನಿಕರೊಡನೆ ನಾಗರಿಕರೂ ಮಹಿಳೆಯರೂ ಓಡುತ್ತಾರೆ. 2018ರಲ್ಲಿ ಇಟಲಿಯ ಮೂವರು ಐದು ಗಂಟೆ ಮೂವತ್ತೈದು ನಿಮಿಷಗಳಲ್ಲಿ ಗುರಿ ಮುಟ್ಟಿದರು. ಸಾಮಾನ್ಯ ತಂಡಗಳಿಗೆ ಇದರ ಎರಡರಷ್ಟು, ಮೂರರಷ್ಟು ಸಮಯ ಬೇಕು. ಆದರೆ ವೇಗದ ಲೆಕ್ಕಕ್ಕಿಂತ ಗಮನಿಸಬೇಕಾದದ್ದು ಹಗ್ಗ. ಸುಮಾರು 3,650 ಮೀಟರ್ ಎತ್ತರದ ತೆತ್ ಬ್ಲಾಂಷ್ ಸುತ್ತಲಿನ ಹಿಮನದಿಯ ಮೇಲೆ ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರುತ್ತಾರೆ, ಇಳಿಯುವುದೂ ಹಾಗೆಯೇ. ಕತ್ತಲಲ್ಲಿ, ಕೊರೆಯುವ ಗಾಳಿಯಲ್ಲಿ, ಮುಂದಿನವನು ಆತುರಪಟ್ಟರೆ ಹಿಂದಿನವನು ಮುಗ್ಗರಿಸುತ್ತಾನೆ. ಬಲಿಷ್ಠನು ತನ್ನ ಬಲವನ್ನು ತಡೆಹಿಡಿಯಬೇಕಾಗುತ್ತದೆ, ದಣಿದವನು ತನ್ನ ದಣಿವನ್ನು ಮುಚ್ಚಿಡದೆ ಹೇಳಬೇಕಾಗುತ್ತದೆ. ಎರಡನೆಯದೇ ಹೆಚ್ಚು ಕಷ್ಟ. ಒಬ್ಬ ಬಿರುಕಿಗೆ ಬಿದ್ದರೆ ಉಳಿದಿಬ್ಬರ ಭಾರವೇ ಅವನ ಆಸರೆ.

ಹೊರಡುವ ವೇಳೆಯೂ ಹಿಮದ ಸ್ವಭಾವಕ್ಕೆ ಒಳಪಟ್ಟದ್ದು. ರಾತ್ರಿ ಹೆಪ್ಪುಗಟ್ಟಿದ ಹಿಮ ಗಟ್ಟಿ. ಬಿಸಿಲೇರಿದಂತೆ ಅದು ಸಡಿಲಗೊಂಡು ಹಿಮಕುಸಿತದ ಭಯ ಹೆಚ್ಚುತ್ತದೆ. ಆದುದರಿಂದಲೇ ಈ ರಾತ್ರಿಯ ಓಟ.

ಇಷ್ಟೆಲ್ಲ ಅನುಭವವಿದ್ದೂ ಪರ್ವತ ಯಾರಿಗೂ ರಿಯಾಯಿತಿ ತೋರುವುದಿಲ್ಲ. 2024ರ ಮಾರ್ಚ್ 9ರಂದು, ಆ ವರ್ಷದ ಸ್ಪರ್ಧೆಗೆ ಇನ್ನೊಂದು ತಿಂಗಳಿರುವಾಗ, ಆರು ಮಂದಿ ಝರ್ಮಾಟ್‌ನಿಂದ ಅರೋಲಾ ಕಡೆಗೆ ಇದೇ ಹಾದಿಯಲ್ಲಿ ಹೊರಟರು. ಅವರಲ್ಲಿ ಐವರು ಒಂದೇ ಕುಟುಂಬದವರು. ತೆತ್ ಬ್ಲಾಂಷ್ ಬಳಿ ಬಿರುಗಾಳಿ ಅವರನ್ನು ಹಿಡಿಯಿತು. ಹಿಮದಲ್ಲಿ ಗುಹೆ ತೋಡಿ ಆಶ್ರಯ ಪಡೆಯಲು ಅವರು ಯತ್ನಿಸಿದ್ದರು. ಹವೆಯ ದೆಸೆಯಿಂದ ರಕ್ಷಕರು ತಲುಪಲು ತಡವಾಯಿತು. ಮರುದಿನ ಸಂಜೆ ದೊರೆತದ್ದು ಐದು ಶವಗಳು. ಆರನೆಯವರಿಗಾಗಿ ಹುಡುಕಾಟ ಮುಂದುವರಿಯಿತು.

ಇನ್ನು ಕಾಲ ಕೆಳಗಿನ ಹಿಮನದಿಯ ಮಾತು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಶೇಕಡ 10ರಷ್ಟನ್ನು ಕಳೆದುಕೊಂಡವು. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಕರಗಿದ್ದೂ ಅಷ್ಟೇ. ಓಟದ ಹಾದಿ ದಿಕ್ಸ್ ಸರೋವರದ ದಂಡೆಯಲ್ಲಿ ಸಾಗುತ್ತದೆ. ಆ ಸರೋವರ 285 ಮೀಟರ್ ಎತ್ತರದ ಗ್ರಾಂದ್ ದಿಕ್ಸಾಂಸ್ ಅಣೆಕಟ್ಟಿನ ಹಿನ್ನೀರು. ಅದಕ್ಕೆ ಬರುವುದು ಸುತ್ತಣ ಹಿಮನದಿಗಳ ಕರಗಿದ ನೀರು. ಹಿಮ ಬೇಗ ಕರಗುವಷ್ಟು ಕಾಲ ನೀರಿಗೆ ಕೊರತೆ ಕಾಣದು, ಕೊರತೆ ಕಾಣುವುದು ಆಮೇಲೆ. ಹಳ್ಳದಲ್ಲಿ ನೀರು ಹರಿಯುತ್ತಿರುವವರೆಗೆ ಮೇಲಿನ ಕಾಡನ್ನು ಯಾರೂ ಎಣಿಸುವುದಿಲ್ಲವೆಂಬುದು ಗುಡ್ಡದ ಊರುಗಳವರಿಗೆ ಹೊಸ ವಿಷಯವಲ್ಲ.

ಸ್ಕೀ ಪರ್ವತಾರೋಹಣ 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿತು. ಅಲ್ಲಿ ಕಿರು ಓಟ ಮತ್ತು ಮಿಶ್ರ ರಿಲೇ ಮಾತ್ರ. ಹಿಮನದಿಯೂ ಇಲ್ಲ, ಹಗ್ಗವೂ ಇಲ್ಲ. ಗಸ್ತಿನ ಹಾದಿಯ ನಿಯಮ ಬೇರೆ. ನಿಗದಿತ ವೇಳೆಯೊಳಗೆ ಅರೋಲಾ ಮುಟ್ಟದ ತಂಡವನ್ನು ಅಲ್ಲಿಯೇ ನಿಲ್ಲಿಸಲಾಗುತ್ತದೆ. ಹವೆ ಕೆಟ್ಟರೆ ಓಟವೇ ರದ್ದಾಗಬಹುದು. ವರ್ಷಗಟ್ಟಲೆ ಬೆವರು ಸುರಿಸಿದವರು ಆಗ ಹಲಗೆಗಳನ್ನು ಕಟ್ಟಿಕೊಂಡು ಕೆಳಗಿನ ಊರಿಗೆ ಇಳಿದು ಹೋಗುತ್ತಾರೆ.