ತೊಗರಿ ಕಚ್ಚಿ ನೋಡಿ ರೇಟು ಹೇಳೋರು: ನೆಹರು ಗಂಜ್‌ನ ರುಚಿ ಪರೀಕ್ಷೆ



ವೈನ್ ಟೇಸ್ಟಿಂಗ್ ರೀಲ್ಸ್ ನೀವೂ ನೋಡಿರ್ತೀರಿ. ಗ್ಲಾಸು ತಿರುಗಿಸ್ತಾರೆ, ಮೂಗಿನ ಹತ್ರ ಹಿಡೀತಾರೆ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳ್ತಾರೆ. ಆಮೇಲೆ ಇದು ಯಾವ ದ್ರಾಕ್ಷಿ, ಎಷ್ಟು ವರ್ಷದ್ದು ಅಂತ ಹೇಳ್ತಾರೆ. ಹೆಚ್ಚುಕಡಿಮೆ ಇದೇ ಕೆಲಸ ಕಲಬುರಗಿಯ ನೆಹರು ಗಂಜ್‌ನಲ್ಲೂ ನಡೆಯುತ್ತೆ. ಅಲ್ಲಿ ಗ್ಲಾಸಿನ ಬದಲು ತೊಗರಿ ರಾಶಿ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರೋಕೆ ಶುರುವಾದ್ರೆ ಎಪಿಎಂಸಿ ಅಂಗಳದಲ್ಲಿ ಅಡತ್ ಅಂಗಡಿಗಳ ಮುಂದೆ ಕಾಲಿಡೋಕೆ ಜಾಗ ಇರಲ್ಲ. ಖರೀದಿದಾರರು ರಾಶಿಯಿಂದ ರಾಶಿಗೆ ಓಡಾಡ್ತಾರೆ, ಒಂದು ಹಿಡಿ ತಗೋತಾರೆ, ನೋಡ್ತಾರೆ, ಎರಡು ಕಾಳು ಬಾಯಿಗೆ ಹಾಕಿ ಕಟ್ ಅಂತ ಕಚ್ಚಿ ಉಗುಳ್ತಾರೆ. ಒಂದು ನಿಮಿಷವೂ ಬೇಕಾಗಲ್ಲ. ಆರು ತಿಂಗಳ ಬೆಳೆಗೆ ಎಷ್ಟು ಕೊಡಬಹುದು ಅಂತ ಅವರ ತಲೆಯಲ್ಲಿ ಅಷ್ಟರಲ್ಲಿ ಲೆಕ್ಕ ಆಗಿರುತ್ತೆ.

ಆ ಒಂದು ನಿಮಿಷದಲ್ಲಿ ಏನೇನು ನಡೆಯುತ್ತೆ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಕೈ. ಅನುಭವ ಇರೋರು ರಾಶಿಯ ಮೇಲಿನ ಕಾಳನ್ನು ನಂಬಲ್ಲ, ಮೊಣಕೈವರೆಗೂ ಒಳಗೆ ಹಾಕ್ತಾರೆ. ಒಣಗಿದ ಕಾಳು ಬೆರಳ ಸಂದಿಯಿಂದ ಜಾರುತ್ತೆ, ಸರಸರ ಅನ್ನುತ್ತೆ. ಹಸಿ ಇದ್ರೆ ತಣ್ಣಗಿರುತ್ತೆ, ಅಂಗೈಗೆ ಅಂಟಿದಂಗೆ ಅನಿಸುತ್ತೆ. ಮಾಲು ಚೀಲದಲ್ಲಿದ್ರೆ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಕಾಳು ತೆಗೀತಾರೆ.

ಆಮೇಲೆ ಕಣ್ಣು. ಕಾಳು ದಪ್ಪ ಇದೆಯಾ, ಎಲ್ಲ ಒಂದೇ ಗಾತ್ರ ಇದೆಯಾ, ಸುಕ್ಕುಗಟ್ಟಿದ್ದು ಎಷ್ಟು? ಸಣ್ಣ, ದೊಡ್ಡ ಕಾಳು ಬೆರೆತಿದ್ರೆ ಮಿಲ್ಲಿನಲ್ಲಿ ಕಷ್ಟ: ದೊಡ್ಡದರ ಸಿಪ್ಪೆ ಹೋಗೋ ಹೊತ್ತಿಗೆ ಸಣ್ಣದು ಹಾಗೇ ಉಳಿದಿರುತ್ತೆ, ಸಣ್ಣದರ ಸಿಪ್ಪೆ ತೆಗೀಬೇಕಂದ್ರೆ ದೊಡ್ಡದು ಸವೆದು ನುಚ್ಚಾಗುತ್ತೆ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ರೆ ಅದು ಹುಳದ ಮೊಟ್ಟೆ. ದುಂಡನೆ ತೂತು ಇದ್ರೆ ಹುಳ ತಿಂದು ಹೊರಗೆ ಹೋಗಿಯೂ ಆಯ್ತು ಅಂತ ಅರ್ಥ.

ಮೂಗಿನ ಕೆಲಸ ಚಿಕ್ಕದು. ಮುಗ್ಗಲು ವಾಸನೆ ಬಂತು ಅಂದ್ರೆ ಮಾಲು ಎಲ್ಲೋ ನೆನೆದಿದೆ, ಅಷ್ಟೇ.

ಕೊನೆಗೆ ಹಲ್ಲು. ಚೆನ್ನಾಗಿ ಒಣಗಿದ ತೊಗರಿ ಕಚ್ಚಿದ ತಕ್ಷಣ ಎರಡು ಹೋಳಾಗುತ್ತೆ. ಹಸಿ ಕಾಳು ಒಡೆಯಲ್ಲ, ಹಲ್ಲಿನ ಕೆಳಗೆ ಚಪ್ಪಟೆಯಾಗುತ್ತೆ. ವ್ಯತ್ಯಾಸ ಅಷ್ಟು ಸ್ಪಷ್ಟ, ಮನೇಲಿ ನೀವೂ ಮಾಡಿ ನೋಡಬಹುದು.

ಈ ಹಲ್ಲಿನ ಹತ್ರಾನೇ ಜಗಳ ಶುರುವಾಗೋದು. ಖರೀದಿದಾರ ಹೇಳ್ತಾನೆ, "ಕಾಕಾ, ಮಾಲ್ ಇನ್ನಾ ಹಸಿ ಅದ ನೋಡ್ರಿ." ರೈತ ಹೇಳ್ತಾನೆ, "ಎಂಟ್ ದಿನ ಬಿಸಲಾಗ ಒಣಗಿಸೀನ್ರಿ ಸಾವ್ಕಾರ್ರ." ಒಬ್ಬನ ಹಲ್ಲಿನ ಮಾತಿಗೆ ಇನ್ನೊಬ್ಬ ಏನಂತ ಉತ್ತರ ಕೊಡಬೇಕು?

ಉತ್ತರ ಇದೆ, ಅದು ಲೆಕ್ಕದಲ್ಲಿದೆ. ಸ್ವಲ್ಪ ಗಮನ ಇಟ್ಟು ಕೇಳಿ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ತೊಗರಿಯಲ್ಲಿ ತೇವಾಂಶ ಶೇ 12 ದಾಟಬಾರದು ಅನ್ನೋ ನಿಯಮ ಇದೆ. ಈಗ ಒಬ್ಬ ರೈತನ ತೊಗರಿಯಲ್ಲಿ ಶೇ 14 ಇದೆ ಅಂತ ಇಟ್ಕೊಳ್ಳಿ. ಒಂದು ಕ್ವಿಂಟಲ್‌ನಲ್ಲಿ 14 ಕೆಜಿ ನೀರು, 86 ಕೆಜಿ ಒಣ ಕಾಳು. ಅದನ್ನು ಶೇ 12ಕ್ಕೆ ಒಣಗಿಸಿದ್ರೆ ತೂಕ ಸುಮಾರು 97.7 ಕೆಜಿ ಆಗುತ್ತೆ. ಅಂದ್ರೆ ಕಮ್ಮಿ ಆಗೋದು ಎರಡು ಕಾಲು ಕೆಜಿ ಚಿಲ್ಲರೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಲೆಕ್ಕದಲ್ಲಿ ನೀರಿನ ಬೆಲೆ ಸುಮಾರು 180 ರೂಪಾಯಿ. ಒಣಗಿಸೋ ಕೂಲಿ ಅಂತ ಇನ್ನೊಂದಿಷ್ಟು ಸೇರಿಸಿ, ಒಪ್ಪೋಣ. ಆದ್ರೆ ಹಸಿ ಅನ್ನೋ ಒಂದೇ ಮಾತಿಗೆ 500 ರೂಪಾಯಿ ಇಳಿಸಿದ್ರೆ ಅದು ನೀರಿನ ಲೆಕ್ಕ ಅಲ್ಲ. 20 ಕ್ವಿಂಟಲ್ ತಂದವನಿಗೆ ನೀರಿನ ಲೆಕ್ಕದಲ್ಲಿ ಹೋಗೋದು 3,600, ಹೀಗಾದ್ರೆ ಹೋಗೋದು 10,000. ಮನೇಲಿ ಒಂದು ಮಗುವಿನ ಕಾಲೇಜು ಫೀಸು ಅದರಲ್ಲಿರುತ್ತೆ.

ಹಲ್ಲು ಸುಳ್ಳು ಹೇಳುತ್ತೆ ಅಂತ ನಾನು ಹೇಳ್ತಿಲ್ಲ. ಇಪ್ಪತ್ತು ಮೂವತ್ತು ವರ್ಷ ತೊಗರಿ ಕಚ್ಚಿದವರ ಅಂದಾಜು ಸಾಮಾನ್ಯವಾಗಿ ಸರಿ ಇರುತ್ತೆ, ಅದು ನಿಜವಾದ ವಿದ್ಯೆ. ತೊಂದರೆ ಏನಂದ್ರೆ, ಆ ವಿದ್ಯೆ ಕೊಳ್ಳೋನ ಬಾಯಲ್ಲಿ ಮಾತ್ರ ಇದೆ, ಮಾರೋನ ಕೈಯಲ್ಲಿ ಒಂದು ನಂಬರೂ ಇಲ್ಲ. ತೇವಾಂಶ ಅಳೆಯೋ ಮೀಟರ್ ಕೈಯಲ್ಲಿ ಹಿಡಿಯೋಷ್ಟು ಚಿಕ್ಕದು. ನಿಮ್ಮಲ್ಲಿ ಯಾರ ಮನೇಲಾದ್ರೂ ತೊಗರಿ ಬೆಳೀತಿದ್ರೆ, ನಾಲ್ಕು ಮನೆಯವರು ಸೇರಿ ಒಂದು ಮೀಟರ್ ತಗೊಳ್ಳಿ. ಗಾಡಿ ಹತ್ತಿಸೋ ಮೊದಲೇ ಅಳೆದು ಫೋಟೋ ಇಟ್ಕೊಳ್ಳಿ.

ಇನ್ನು ವಯಸ್ಸಿನ ವಿಷಯ. ವೈನ್ ಹಳೇದಾದಷ್ಟೂ ಒಳ್ಳೇದು ಅಂತಾರೆ. ಅದೂ ಪೂರ್ತಿ ನಿಜ ಅಲ್ಲ, ಹೆಚ್ಚಿನ ವೈನುಗಳು ಬೇಗ ಕುಡಿಯೋಕೇ ಮಾಡಿದವು. ನಮ್ಮ ಅಡುಗೆಮನೇಲಿ ವಯಸ್ಸಾದಷ್ಟೂ ಬೆಲೆ ಬರೋದು ಅಕ್ಕಿಗೆ. ಹಳೇ ಅಕ್ಕಿ ಅನ್ನ ಉದುರುದುರಾಗುತ್ತೆ. ತೊಗರಿಗೆ ಇದು ಉಲ್ಟಾ. ಸೆಕೆ ಮತ್ತು ತೇವ ಇರೋ ಗೋದಾಮಲ್ಲಿ ತಿಂಗಳುಗಟ್ಟಲೆ ಬಿದ್ದ ಕಾಳಿನೊಳಗೆ ಫೈಟೇಟ್ ಅನ್ನೋ ವಸ್ತು ಒಡೆಯುತ್ತೆ. ಅದು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಕಾಳಿನ ಕೋಶಗಳನ್ನು ಬೆಸೆಯೋ ಪೆಕ್ಟಿನ್‌ಗೆ ಅಂಟಿಕೊಳ್ಳುತ್ತೆ. ಸಿಮೆಂಟ್ ಗಟ್ಟಿಯಾದಂಗೆ. ಆಮೇಲೆ ಎಷ್ಟು ಸೀಟಿ ಕೂಗಿಸಿದ್ರೂ ಬ್ಯಾಳಿ ಕರಗಲ್ಲ. ಗಡಸು ಬೋರ್‌ವೆಲ್ ನೀರು ಹಾಕಿದ್ರೆ ಮುಗೀತು ಕಥೆ, ಅದರಲ್ಲೂ ಕ್ಯಾಲ್ಸಿಯಂ ಇರುತ್ತೆ. ಸೋಡಾ ಹಾಕಿದ್ರೆ ಬೇಗ ಬೇಯುತ್ತೆ ನಿಜ, ಜೊತೆಗೆ ಬಿ1 ವಿಟಮಿನ್ ಹಾಳಾಗುತ್ತೆ.

ಬಗೆಗಳೂ ಕಮ್ಮಿ ಇಲ್ಲ. ನಮ್ಮ ಕಡೆ ಹೊಲಗಳಲ್ಲಿ ಮಾರುತಿ, ಟಿಎಸ್-3ಆರ್, ಜಿಆರ್‌ಜಿ-811 ಅಂತ ತಳಿಗಳಿವೆ. ಜೊತೆಗೆ ಮ್ಯಾನ್ಮಾರ್‌ನಿಂದ ಬರೋ, ವ್ಯಾಪಾರಿಗಳು ಲೆಮನ್ ಅಂತ ಕರೆಯೋ ತೊಗರಿ, ಮೊಜಾಂಬಿಕ್, ತಾಂಜಾನಿಯಾ ತೊಗರಿ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆಮದಿನ ಮೇಲಿದ್ದ ನಿರ್ಬಂಧ ತೆಗೆದ ಮೇಲೆ ಹೊರಗಿನ ಮಾಲಿಗೆ ದಾರಿ ಸಲೀಸಾಯ್ತು. ಸಿಪ್ಪೆ ತೆಗೆದು ಪಾಲಿಶ್ ಹೊಡೆದ ಮೇಲೆ ಯಾವುದು ಯಾವ ಊರಿನದು ಅಂತ ಗುರುತಿಸೋದು ಸಾಮಾನ್ಯ ಗ್ರಾಹಕರ ಕೈಲಿ ಆಗಲ್ಲ.

ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದ್ರೂ ಟ್ಯಾಗ್ ಮಾತ್ರ ಗುಲ್ಬರ್ಗಾ ಹೆಸರಲ್ಲಿದೆ, ಇರಲಿ. ಇಲ್ಲಿನ ಕಪ್ಪು ಮಣ್ಣಿನ ಗುಣದಿಂದ ರುಚಿ, ಪರಿಮಳ ಜಾಸ್ತಿ, ಬೇಗ ಬೇಯುತ್ತೆ ಅನ್ನೋದು ನಮ್ಮ ವಾದ. ನನಗೂ ಹಾಗೇ ಅನಿಸುತ್ತೆ, ಆದ್ರೆ ನಾನು ಇಲ್ಲಿಯವನು, ನನ್ನ ನಾಲಿಗೆಯನ್ನ ಯಾಕೆ ನಂಬ್ತೀರಿ? 1976ರಲ್ಲಿ ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅನ್ನೋ ವ್ಯಾಪಾರಿ ಬಾಟಲಿಗಳ ಹೆಸರು ಮುಚ್ಚಿಟ್ಟು ಫ್ರೆಂಚ್ ತಜ್ಞರಿಗೇ ರುಚಿ ನೋಡಿಸಿದ. ಬಿಳಿ, ಕೆಂಪು ಎರಡರಲ್ಲೂ ಮೊದಲ ಸ್ಥಾನ ಬಂದಿದ್ದು ಕ್ಯಾಲಿಫೋರ್ನಿಯಾ ವೈನ್‌ಗೆ. ಹೆಸರು ಮುಚ್ಚಿದ್ರೆ ಮಾತ್ರ ನಾಲಿಗೆ ನಿಜ ಹೇಳುತ್ತೆ. ನಮ್ಮ ಬೇಳೆಗೂ ಇಂಥ ಪರೀಕ್ಷೆ ಎಲ್ಲರ ಮುಂದೆ, ಪ್ರತಿ ವರ್ಷ ಆಗಬೇಕು ಅನ್ನೋದು ನನ್ನ ಆಸೆ. ಗೆದ್ದರೆ ಬೆಲೆ ಕೇಳೋಕೆ ರೈತನಿಗೆ ಒಂದು ಆಧಾರ ಸಿಗುತ್ತೆ.

ಅಲ್ಲಿವರೆಗೆ ಮನೇಲೇ ಮಾಡಿ. ಎರಡು ಮೂರು ಕಡೆಯ ಬೇಳೆ ತನ್ನಿ. ಮೊದಲು ಅಂಗೈಯಲ್ಲಿ ಉಜ್ಜಿ: ಹಳದಿ ಪುಡಿಯೋ ಎಣ್ಣೆಯೋ ಅಂಟಿದ್ರೆ ಅದು ಬಣ್ಣ, ಪಾಲಿಶ್ ಇರಬಹುದು, ಹುಷಾರು. ಕೊಡಲಿ ಅಲಗಿನ ಥರ ಮೂಲೆ ಇರೋ ಚಪ್ಪಟೆ ಬೇಳೆ ಕಂಡ್ರೆ ಅದು ಕೇಸರಿ ಬೇಳೆ ಆಗಿರಬಹುದು, ಬೇರೆ ಮಾಡಿ. ಆಮೇಲೆ ಒಂದೇ ಅಳತೆ ಬೇಳೆ, ಒಂದೇ ಅಳತೆ ನೀರು, ಕುಕ್ಕರ್ ಬೇಡ, ತೆರೆದ ಪಾತ್ರೆ. ಉಪ್ಪು, ಅರಿಶಿನ ಏನೂ ಹಾಕಬೇಡಿ. ಇಪ್ಪತ್ತು ನಿಮಿಷ ಆದ ಮೇಲೆ ಐದೈದು ನಿಮಿಷಕ್ಕೊಮ್ಮೆ ಒಂದು ಬೇಳೆ ತೆಗೆದು ಎರಡು ಬೆರಳಲ್ಲಿ ಒತ್ತಿ. ನಡುವಿನ ಬಿಳಿ ಗಟ್ಟಿ ಹೋಗೋಕೆ ಯಾವುದಕ್ಕೆ ಎಷ್ಟು ಹೊತ್ತು ಬೇಕಾಯ್ತು ಅಂತ ಫೋನಲ್ಲಿ ಬರೆದಿಡಿ. ಬಟ್ಟಲಿನ ಕೆಳಗೆ ಹೆಸರು ಬರೆದು, ಮನೆಯವರಿಗೆ ಹೇಳದೆ ತಿನ್ನಿಸಿ. ಬರೀ ಬ್ಯಾಳಿ ತಿನ್ನಲ್ಲ ಅನ್ನೋರಿಗೆ ಜೋಳದ ರೊಟ್ಟಿ ಕೊಡಿ. ಹುಣಸೆಹುಳಿ ಮಾತ್ರ ಬೆಂದ ಮೇಲೇ ಹಾಕಿ, ಹುಳಿ ಬಿದ್ದ ಬೇಳೆ ಮೆತ್ತಗಾಗೋಕೆ ಹಟ ಮಾಡುತ್ತೆ.

ಯಾವ ಬೇಳೆ ಗೆತ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆ ಕಮಲಾಪುರದ ಕೆಂಪು ಬಾಳೆ ಬಗ್ಗೆ. ಸಿಗೋಣ.