ಹೊಳೆಯ ದೋಣಿಗೆ ಮೋಟರು: ಬ್ಯಾಟರಿಯ ಒಡೆತನ ಯಾರದು?

(ಗುತ್ತಲದ ಸಭೆಯಲ್ಲಿ ಮಾಡಿದ ಭಾಷಣ)



ಮಿಲ್ಲಿನವರಿಗೂ ಅಂಗಡಿಕಾರರಿಗೂ ಮೀನಿನ ದೋಣಿಯ ಮಾತು ಏಕೆಂದು ಕೆಲವರು ಕೇಳಬಹುದು. ಮೋಟರು, ತಂತಿ, ಫ್ಯೂಜಿನ ಮರ್ಮ ಮಿಲ್ಲಿನವರಿಗೆ ಗೊತ್ತು. ಉದ್ರಿ ಲೆಕ್ಕದ ಮರ್ಮ ಅಂಗಡಿಕಾರರಿಗೆ ಗೊತ್ತು. ನಮ್ಮ ಹೊಳೆಯ ಮೀನುಗಾರರಿಗೆ ಈಗ ಬೇಕಾದದ್ದು ಈ ಎರಡೇ ವಿದ್ಯೆ.

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರವು 12ನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಅಂದಿನ ಹುಟ್ಟು ಇಂದಿಗೂ ಕೈಬಿಟ್ಟಿಲ್ಲ. ಗಟ್ಟಿ ಆಳೊಬ್ಬ ತಾಸುಗಟ್ಟಲೆ ದುಡಿದರೆ ಅವನ ತೋಳಿನಿಂದ ಹೊರಡುವ ಶಕ್ತಿ ಸುಮಾರು 75 ವ್ಯಾಟು, ಅಂದರೆ ಮನೆಯ ಒಂದು ಫ್ಯಾನು ತಿನ್ನುವಷ್ಟು. ಅದರಲ್ಲೇ ಅವನು ಸೆಳವಿಗೆ ಎದುರಾಗಬೇಕು, ಬಲೆ ಎತ್ತಬೇಕು, ಬಿಸಿಲೇರಿ ಮೀನು ಕೆಡುವ ಮೊದಲು ದಡ ಸೇರಬೇಕು.

ವಿದ್ಯುತ್ತಿನ ದೋಣಿ ಹೊಸ ಸೋಜಿಗವಲ್ಲ. 1838ರಲ್ಲಿಯೇ ಯಾಕೋಬಿ ಎಂಬ ವಿಜ್ಞಾನಿ ರಶಿಯಾದ ನೇವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ನಡೆಸಿದ. ಕೇರಳದ ವೈಕಂನಲ್ಲಿ 2017ರ ಜನವರಿಯಿಂದ 75 ಜನರ 'ಆದಿತ್ಯ' ದೋಣಿ ಸೂರ್ಯಶಕ್ತಿಯ ಮೇಲೆ ಜನರನ್ನು ದಾಟಿಸತೊಡಗಿತು. ನಮಗೆ ಅಷ್ಟು ದೊಡ್ಡದು ಬೇಡ.

ಚಿಕ್ಕ ದೋಣಿಗೆ 12 ವೋಲ್ಟಿನ ಮೋಟರು ಸಿಗುತ್ತದೆ. ಹಿಂಬದಿಗೆ ಸಿಕ್ಕಿಸುವುದು, ಕೆಳಗೆ ನೀರಿನಲ್ಲಿ ರೆಕ್ಕೆ ತಿರುಗುವುದು, ಅಷ್ಟೆ. ಉದ್ದನೆಯ ದೋಣಿಗೆ ಇದು ಒಗ್ಗುತ್ತದೆ. ದುಂಡನೆಯ ಹರಗೋಲಿಗೆ ಹಿಂದೆ ಕಟ್ಟಿದರೆ ಅದು ಬುಗುರಿಯ ಹಾಗೆ ತಿರುಗಲು ನೋಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. 12 ವೋಲ್ಟಿನ, 100 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 1,200 ವ್ಯಾಟ್-ತಾಸು ಇರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧದಷ್ಟನ್ನೇ ಬಳಸಬೇಕು, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. ಉಳಿದದ್ದು 600. ಮೋಟರನ್ನು ಪೂರ್ತಿ ತಿರುವಿದರೆ ಅದು 50 ಆಂಪಿಯರ್, ಅಂದರೆ 600 ವ್ಯಾಟು ಎಳೆಯುತ್ತದೆ. ಒಂದು ತಾಸೂ ಬಾಳದು! ಆದರೆ ನೀರಿಗೆ ಒಂದು ಗುಣವಿದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 150 ವ್ಯಾಟಿನಲ್ಲಿ ನಿಧಾನವಾಗಿ ನಡೆಸಿದರೆ ಅದೇ ಬ್ಯಾಟರಿ ನಾಲ್ಕು ತಾಸು ಬರುತ್ತದೆ. ಇಬ್ಬರು ಆಳು ಹುಟ್ಟು ಹಾಕಿದ ಸಮ. ಮತ್ತೆ ತುಂಬಲು ಒಂದು ಯೂನಿಟ್ಟಿನ ಒಳಗೇ ಸಾಕು. ಎರಡು ಅಶ್ವಶಕ್ತಿಯ ಪೆಟ್ರೋಲು ಎಂಜಿನ್ನು ಜೋರಾಗಿ ಓಡಿದರೆ ತಾಸಿಗೆ ಸುಮಾರು ಒಂದು ಲೀಟರು ಕುಡಿಯುತ್ತದೆ. ಹೋಲಿಸಿ ನೋಡಿ.

ಲಿಥಿಯಂ ಬ್ಯಾಟರಿ ಸೀಸದ್ದರ ಅರ್ಧ ತೂಕಕ್ಕಿಂತ ಕಡಿಮೆ. ಹೆಚ್ಚು ಬಳಸಬಹುದು, ಹಲವು ಪಟ್ಟು ಹೆಚ್ಚು ಸಲ ತುಂಬಬಹುದು. ಕೊಳ್ಳುವಾಗ ದುಬಾರಿ, ಚಾರ್ಜರೂ ಬೇರೆಯದೇ ಬೇಕು.

ಮಿಲ್ಲಿನ ವೈರಮನ್ ಗೆಳೆಯರು ಇಲ್ಲಿ ಕಿವಿಗೊಡಬೇಕು. 12 ವೋಲ್ಟು ಎಂದು ತೆಳ್ಳನೆಯ ತಂತಿ ಎಳೆಯಬೇಡಿ. 50 ಆಂಪಿಯರ್ ಅದರಲ್ಲಿ ಹರಿದರೆ ತಂತಿ ಕಾಯುತ್ತದೆ, ಶಕ್ತಿ ದಾರಿಯಲ್ಲೇ ಸೋರುತ್ತದೆ. 16 ಚದರ ಮಿಲಿಮೀಟರಿನ ತಾಮ್ರ ಹಾಕಿ, ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರವೇ 60 ಆಂಪಿಯರಿನ ಫ್ಯೂಜು ಇಡಿ. ಬ್ಯಾಟರಿಯನ್ನು ದೋಣಿಯ ನಡುವೆ, ತಳಕ್ಕೆ, ಪೆಟ್ಟಿಗೆಯಲ್ಲಿಟ್ಟು ಬಿಗಿಯಾಗಿ ಕಟ್ಟಿ. ಸೀಸದ ಬ್ಯಾಟರಿ ತುಂಬುವಾಗ ಜಲಜನಕ ಹೊರಡುತ್ತದೆ. ಆ ಕೋಣೆಗೆ ಗಾಳಿಯಾಡಬೇಕು, ಹತ್ತಿರ ಯಾರೂ ಬೀಡಿ ಹಚ್ಚಕೂಡದು. ಬಲೆ ಬಿಡುವಾಗ ರೆಕ್ಕೆಯನ್ನು ನೀರಿನಿಂದ ಎತ್ತಿಡಬೇಕು, ಇಲ್ಲವಾದರೆ ಬಲೆ ಸುತ್ತಿಕೊಂಡು ಎರಡೂ ಹಾಳು. ಹುಟ್ಟು ಮಾತ್ರ ದೋಣಿಯಲ್ಲಿ ಇರಲೇಬೇಕು. ಮಳೆಗಾಲದ ಪ್ರವಾಹಕ್ಕೆ ಈ ಮೋಟರು ಲೆಕ್ಕಕ್ಕೇ ಇಲ್ಲ; ಆಗ ಹೊಳೆಗೆ ಇಳಿಯುವುದೇ ತಪ್ಪು.

ಯಂತ್ರದ ಮಾತು ಇಷ್ಟು. ರೊಕ್ಕದ ಮಾತು ಇದಕ್ಕಿಂತ ತೊಡಕಿನದು.

ಬಲೆಗೆ ಮುಂಗಡ ಕೊಟ್ಟ ಸಾಹುಕಾರ ಹಿಡಿದ ಮೀನನ್ನೆಲ್ಲ ತಾನು ಹೇಳಿದ ದರಕ್ಕೇ ತೂಗಿಸಿಕೊಳ್ಳುವುದನ್ನು ನೀವು ಕಂಡಿದ್ದೀರಿ. ನಾಳೆ ಅವನೇ ಬ್ಯಾಟರಿಗೂ ಮುಂಗಡ ಕೊಟ್ಟರೆ? ಬಲೆ ಹರಿದರೆ ಮೀನುಗಾರ ತಾನೇ ಹೆಣೆಯಬಲ್ಲ. ಬ್ಯಾಟರಿ ಸತ್ತರೆ ಹೆಣೆಯಲು ಬರುವುದಿಲ್ಲ, ಮತ್ತೆ ಸಾಲವೇ. ತೋಳಿನ ನೋವು ಹೋಗಿ ಕೊರಳಿನ ಹಗ್ಗ ಬಿಗಿಯಾಗುತ್ತದೆ. ಸರಕಾರದ ಸಹಾಯಧನವೂ ಇದನ್ನು ತಾನಾಗಿ ತಪ್ಪಿಸುವುದಿಲ್ಲ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಪರಿಶಿಷ್ಟರಿಗೂ ಹೆಂಗಸರಿಗೂ 60ರಷ್ಟು ಸಹಾಯ ಗೊತ್ತುಮಾಡಿದ್ದರು. ಉಳಿದ ಪಾಲು ಯಾರ ಗಂಟಿನಿಂದ ಬರಬೇಕು? ಸಾಹುಕಾರ ಕಾದು ಕುಳಿತಿರುವುದು ಆ ಉಳಿದ ಪಾಲಿಗೇ.

ಆದ್ದರಿಂದ ದೋಣಿ, ಬಲೆ ಮೀನುಗಾರನದಾಗಿರಲಿ. ಬ್ಯಾಟರಿ ಸಹಕಾರಿ ಸಂಘದ್ದಾಗಲಿ. ಎರಡು ಜೊತೆ ಇದ್ದರೆ ಒಂದು ಹೊಳೆಯಲ್ಲಿ, ಇನ್ನೊಂದು ಗುತ್ತಲದಲ್ಲಿ ಚಾರ್ಜಿಗೆ. ಹೊರಟ ಪ್ರತಿ ಸಲಕ್ಕೆ ಇಂತಿಷ್ಟು ಬಾಡಿಗೆ. ಅದರಲ್ಲಿ ಕರೆಂಟಿನ ಖರ್ಚು ಕಳೆದದ್ದು ಮುಂದಿನ ಬ್ಯಾಟರಿಯ ಗಂಟಿಗೆ. ಈ ಗಂಟು ಬೇರೆ ಯಾವ ಕೆಲಸಕ್ಕೂ ಒಡೆಯಕೂಡದು, ಸಂಘದ ಅಧ್ಯಕ್ಷರ ಮನೆಯ ಮದುವೆಗಂತೂ ಅಲ್ಲ. (ನಗು.) ಲೆಕ್ಕದ ವಹಿಯನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಬೇಕು.

ಮೊದಲಿಗೆ ಒಂದೇ ದೋಣಿ ಸಾಕು. ಬೇಸಿಗೆಯ ಶಾಂತ ನೀರಿನಲ್ಲಿ ನಡೆಸಿ ಎಷ್ಟು ತಾಸು ಓಡಿತು, ಎಷ್ಟು ಮೀನು ಬಂತು, ಎಷ್ಟು ಯೂನಿಟ್ಟು ಹೋಯಿತು ಎಂದು ಬರೆದಿಡೋಣ. ತಂತಿ ಕೆಲಸ ಬಲ್ಲ ಇಬ್ಬರು, ಚಾರ್ಜಿಗೆ ಜಾಗ ಕೊಡುವ ಒಬ್ಬ ಅಂಗಡಿಕಾರ, ವಹಿ ಬರೆಯುವ ಒಬ್ಬರು ಬೇಕು. ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ.